ನಿಧಾನದವರ ಮುಷ್ಕರ

‘ನಿಧಾನ’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಿರಣಿಯಲ್ಲಿ ನಿಧಾನ ಅಂದರೆ ಬೈಗುಳ. ಮಗ್ಗ ನಿಧಾನವಾದರೆ ಮೇಸ್ತ್ರಿ ಬಂದು ತಲೆಯ ಮೇಲೆ ನಿಲ್ಲುತ್ತಿದ್ದ, ಕೈ ನಿಧಾನವಾದರೆ ಬಟ್ಟೆ ಹಾಳಾಗುತ್ತಿತ್ತು, ಊಟ ನಿಧಾನವಾದರೆ ಅರ್ಧ ಹೊಟ್ಟೆಯಲ್ಲೇ ಎದ್ದು ಓಡಬೇಕಿತ್ತು. ಹೀಗೆ ಬಾಳಿದವಳ ಭುಜದ ಮೇಲೆ ಆಸ್ಪತ್ರೆಯಲ್ಲಿ ಉಸಿರಾಟ ಕಲಿಸುವ ಹುಡುಗಿ ಮೊದಲ ದಿನವೇ ಕೈಯಿಟ್ಟು, “ನಿಧಾನ ಅಮ್ಮ, ನಿಧಾನ” ಅಂದಳು. ಅವಳ ಕೈ ಕೊಡವಿ ಎದ್ದು ಹೋಗಿಬಿಡೋಣ ಅನ್ನಿಸಿತು. ಎದ್ದು ಹೋಗಲು ಉಸಿರಿರಲಿಲ್ಲ, ಅಷ್ಟೆ.

ನನ್ನ ಹರೆಯವೆಲ್ಲ ಕಳೆದದ್ದು ಗಿರಣಿಯ ನೇಯ್ಗೆ ವಿಭಾಗದಲ್ಲಿ. ಬೆಳಿಗ್ಗೆ ಕರಿ ಕೂದಲಿನಲ್ಲಿ ಒಳಗೆ ಹೋಗಿ ಸಂಜೆ ಹತ್ತಿಯ ಧೂಳಿನಿಂದ ನೆರೆತ ಮುದುಕಿಯ ಹಾಗೆ ಹೊರಗೆ ಬರುತ್ತಿದ್ದೆವು. ತಲೆಯ ಮೇಲಿನದು ಕೊಡವಿದರೆ ಹೋಗುತ್ತಿತ್ತು. ಎದೆಯೊಳಗಿನದು ಹೋಗಲಿಲ್ಲ. ಬೀಡಿ ಸೇದಿದವಳಲ್ಲ, ಹೊಗೆಸೊಪ್ಪು ಮುಟ್ಟಿದವಳಲ್ಲ, ಆದರೂ ನನ್ನ ಏದುಸಿರು ಕಂಡ ಸಿಕ್ಕಸಿಕ್ಕವರೆಲ್ಲ “ಸೇದ್ತಿದ್ರಾ?” ಎಂದು ಕೇಳುತ್ತಾರೆ. “ಹೂಂ, ಇಡೀ ಗಿರಣೀನೇ ಸೇದ್ಬಿಟ್ಟೆ” ಅನ್ನುತ್ತೇನೆ. ಆಮೇಲೆ ಅವರು ಬೇರೆ ಕಡೆ ನೋಡುತ್ತಾರೆ.

ಕಾರ್ಮಿಕರ ಸಂಘದಲ್ಲಿ ನನಗೆ ಕಹಳೆಯಕ್ಕ ಎಂದು ಹೆಸರು. ಮುಷ್ಕರದ ದಿನ ಗೇಟಿನ ಹತ್ತಿರ ನಿಂತು ನಾನೊಂದು ಕೂಗು ಹಾಕಿದರೆ ಒಳಗೆ ಮ್ಯಾನೇಜರನ ಕೈಯಲ್ಲಿದ್ದ ಚಹಾ ತುಳುಕುತ್ತಿತ್ತಂತೆ. ಸುಳ್ಳಿರಬಹುದು. ಕೇಳುವುದಕ್ಕೆ ಹಿತವಾಗಿತ್ತು, ನಾನಾಗಿ ತಿದ್ದಲು ಹೋಗಲಿಲ್ಲ.

ಅಂಥ ಕಹಳೆ ಕೊನೆಗೆ ತನ್ನ ತಲೆಯನ್ನು ತಾನೇ ಬಾಚಿಕೊಳ್ಳಲಾರದ ಗತಿಗೆ ಬಂತು. ಗಟ್ಟಿಮುಟ್ಟಾದವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ಎರಡು ಕೈಯನ್ನೂ ತಲೆಯ ಮೇಲಕ್ಕೆ ಎತ್ತಿದೆನೋ ಇಲ್ಲವೋ, ಯಾರೋ ಎದೆಗೆ ಹಗ್ಗ ಸುತ್ತಿ ಜಗ್ಗಿದ ಹಾಗಾಗುತ್ತಿತ್ತು. ಮೈಗೆ ನೀರು ಹಾಕಿಕೊಳ್ಳುವುದೂ ಅಷ್ಟೆ. ಗಂಡ ಹೋಗಿ ವರ್ಷಗಳಾಗಿದ್ದವು, ಮನೆಯಲ್ಲಿ ನಾನೂ ಮಗಳೂ ಮಾತ್ರ. ಅವಳು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೇ ನನ್ನನ್ನು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಮೈ ತೊಳೆದು, ಒರೆಸಿ, ತಲೆ ಬಾಚಿ ಹೋಗುತ್ತಿದ್ದಳು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಅದೇ ನನಗೆ ಹೆಚ್ಚಿನ ಸಂಕಟ. ಅವಳು ರೇಗಿದ್ದರೆ ನಾನೂ ತಿರುಗಿ ರೇಗಿ ಹಗುರಾಗುತ್ತಿದ್ದೆ. ಮಗಳ ಮುಂದೆ ಬೆತ್ತಲೆ ಕೂತು ಬೆನ್ನು ತಿಕ್ಕಿಸಿಕೊಳ್ಳುವಾಗ ದಿನಾ ಅಳು ಬರುತ್ತಿತ್ತು. ಅಳುವುದಕ್ಕೂ ಉಸಿರು ಬೇಕು ಎಂದು ತಿಳಿದದ್ದು ಆಗಲೇ.

ಡಾಕ್ಟರು ಮಾತ್ರೆಯ ಜೊತೆಗೆ ಈ ತರಗತಿಯನ್ನೂ ಬರೆದುಕೊಟ್ಟರು. ಶ್ವಾಸಕೋಶ ಕೆಟ್ಟವರಿಗೆ ಉಸಿರಾಟ, ವಿಶ್ರಾಂತಿ, ಮೆಲ್ಲಗೆ ಕೈಕಾಲು ಆಡಿಸುವ ಅಭ್ಯಾಸ. ತರಗತಿ ನಡೆಯುತ್ತಿದ್ದದ್ದು ಆಸ್ಪತ್ರೆಯ ನೆಲಮಹಡಿಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವಲ್ಲಿಗೆ ತಾಗಿದ ಕೋಣೆಯಲ್ಲಿ. ಸಾಬೂನಿನ ವಾಸನೆ ಬಿಟ್ಟರೆ ಬೇರೆ ದೂರೇನಿರಲಿಲ್ಲ. ರಸ್ತೆಯಿಂದ ನೇರ ನಡೆದು ಬರಬಹುದಿತ್ತು, ಎಲ್ಲೂ ಮೆಟ್ಟಿಲಿರಲಿಲ್ಲ. ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಕಂಬಿ, ಮೂಲೆಯಲ್ಲಿ ದಿಂಬಿನ ರಾಶಿ, ನಡುವೆ ಕುರ್ಚಿಗಳ ಸಾಲು.

ಕಲಿಸುವ ಹುಡುಗಿಗೆ ನಾನು ಮೊದಲ ವಾರವೇ ನಿಧಾನಮ್ಮ ಎಂದು ಹೆಸರಿಟ್ಟೆ. ಬಾಯಿ ಬಿಟ್ಟರೆ ಅದೇ ಮಾತು. ಕಾರುಗಳಿಗೆ ಬಣ್ಣ ಹೊಡೆದೂ ಹೊಡೆದೂ ಎದೆ ಕೆಡಿಸಿಕೊಂಡಿದ್ದ ಪೇಂಟರಣ್ಣ ಆ ಹೆಸರನ್ನು ಎಲ್ಲರ ಬಾಯಿಗೆ ಹಾಕಿದ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಕರೆದರೆ ಓಗೊಟ್ಟಳು.

ಅಲ್ಲೇ ನನಗೆ ನನ್ನ ಎದುರಿನವಳು ಮತ್ತೆ ಸಿಕ್ಕಿದ್ದು. ಎದುರಿನವಳು ಅಂದರೆ ಗಿರಣಿಯಲ್ಲಿ ನನ್ನ ಎದುರು ಮಗ್ಗದವಳು. ಆ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕಿರುಚಿದರೂ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ನಾವು ಹೆಂಗಸರು ದನಿಯನ್ನೇ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದೆವು, ಬೇಕಾದಲ್ಲಿ ಬೆರಳನ್ನೂ ಸೇರಿಸಿಕೊಂಡು. ತುಟಿಮಾತು ಅನ್ನುತ್ತಿದ್ದೆವು ಅದಕ್ಕೆ. ಅತ್ತೆಯ ಕಾಟ, ಗಂಡನ ಕುಡಿತ, ಮೇಸ್ತ್ರಿಯ ಹೊಸ ಮೀಸೆ, ಎಲ್ಲವೂ ಮೇಸ್ತ್ರಿಯ ಎದುರೇ ಚರ್ಚೆಯಾಗುತ್ತಿತ್ತು. ಅವನು ಏನೂ ತಿಳಿಯದೆ ನಗುತ್ತಾ ಓಡಾಡಿಕೊಂಡಿರುತ್ತಿದ್ದ. ಗಿರಣಿ ಮುಚ್ಚಿದ ಮೇಲೆ ನಾವಿಬ್ಬರೂ ದೂರವಾಗಿದ್ದೆವು. ಈಗ ನೋಡಿದರೆ ಅವಳ ಮೂಗಿಗೆ ನಳಿಕೆ, ಕಾಲಿನ ಪಕ್ಕ ಚಕ್ರದ ಗಾಡಿಯಲ್ಲಿ ಆಮ್ಲಜನಕದ ಸಿಲಿಂಡರು. ಬಾಗಿಲಲ್ಲಿ ನನ್ನನ್ನು ಕಂಡವಳೇ ತುಟಿಯಲ್ಲಿ, “ನೀನೂ ಬಂದ್ಯಾ ಹಾಳಾದವಳೇ” ಅಂದಳು. ನನಗೆ ಅಷ್ಟು ಸಂತೋಷ ಆಗಿ ಬಹಳ ಕಾಲವಾಗಿತ್ತು.

ಮೊದಲ ದಿನದ ವಿಶ್ರಾಂತಿಯಲ್ಲೇ ನಾವಿಬ್ಬರೂ ಮರ್ಯಾದೆ ಕಳೆದುಕೊಂಡೆವು. ಕುರ್ಚಿಗೆ ಒರಗಿ ಕಣ್ಣು ಮುಚ್ಚಬೇಕು, ಮುಷ್ಟಿ ಬಿಗಿದು ಮೆಲ್ಲಗೆ ಸಡಿಲಿಸಬೇಕು, ಭುಜಗಳನ್ನು ಕಿವಿಯ ತನಕ ಎತ್ತಿ ಕೆಳಗೆ ಬಿಡಬೇಕು. ಅಲ್ಲಿಗೆ ಎಲ್ಲ ಸರಿಯಿತ್ತು. ಆಮೇಲೆ ನಿಧಾನಮ್ಮ, “ಈಗ ಏನೂ ಮಾಡ್ಬೇಡಿ, ಈ ಮೌನದಲ್ಲಿ ಹಾಗೇ ಇದ್ಬಿಡಿ” ಎಂದು ಸುಮ್ಮನಾದಳು. ಫ್ಯಾನನ್ನೂ ಆರಿಸಿದಳು. ಕೋಣೆ ಗಪ್‌ಚಿಪ್ ಆಯಿತು. ನಾನೂ ಎದುರಿನವಳೂ ಒಟ್ಟಿಗೇ ಕಣ್ಣು ಬಿಟ್ಟು ಕುರ್ಚಿಯಿಂದ ಎದ್ದು ನಿಂತೆವು. ಅವಳ ಸಿಲಿಂಡರ್ ಗಾಡಿ ಉರುಳಿ ಪೇಂಟರಣ್ಣನ ಕಾಲಿಗೆ ಬಡಿಯಿತು.

“ಯಾವ್ದು ನಿಂತೋಯ್ತು?” ಎಂದು ಕೇಳಿದೆ, ಗಟ್ಟಿಯಾಗಿಯೇ.

ಯಾವುದೂ ನಿಂತಿರಲಿಲ್ಲ. ಆದರೆ ನೇಯುವವರಿಗೆ ಸದ್ದು ನಿಂತಿತು ಅಂದರೆ ಎಲ್ಲೋ ಎಳೆ ಕಡಿದಿದೆ, ಓಡಬೇಕು. ಗಿರಣಿ ಮುಚ್ಚಿದರೂ ಮೈಗೆ ಅದು ಗೊತ್ತಾಗಿರಲಿಲ್ಲ. ಪೇಂಟರಣ್ಣ ಕಾಲು ತಿಕ್ಕಿಕೊಳ್ಳುತ್ತಾ, “ಇವರಿಬ್ಬರಿಗೂ ವಿಶ್ರಾಂತಿ ಕೊಟ್ರೆ ನಮ್ಗೆ ಪ್ಲಾಸ್ಟರ್ ಕಟ್ಟಿಸ್ಬೇಕಾಗುತ್ತೆ” ಅಂದ. ನಿಧಾನಮ್ಮ ಮಾತ್ರ ನಗಲಿಲ್ಲ. ಕತೆಯನ್ನೆಲ್ಲ ಕೇಳಿಕೊಂಡಳು. ಮಾರನೆಯ ವಾರ ಉಗ್ರಾಣದಿಂದ ಒಂದು ಹಳೆಯ ಸ್ಟ್ಯಾಂಡ್ ಫ್ಯಾನ್ ತರಿಸಿ ನಮ್ಮ ಪಕ್ಕದಲ್ಲಿ ಇಡಿಸಿದಳು. ಬೇರಿಂಗ್ ಸವೆದು ಲಟಲಟ ಬಡಿದುಕೊಳ್ಳುವ ಫ್ಯಾನು. ಆ ಲಟಲಟಕ್ಕೆ ನಾವಿಬ್ಬರೂ ಗೊರಕೆ ಹೊಡೆದೆವಂತೆ. ಅವಳ ಮೇಲಿನ ನನ್ನ ಸಿಟ್ಟು ಇಳಿದದ್ದು ಅವತ್ತು.

ಹಾಗೆಂದು ಅವಳನ್ನು ಗೋಳು ಹೊಯ್ದುಕೊಳ್ಳುವುದನ್ನು ಬಿಡಲಿಲ್ಲ. ಮೂಗಿನಿಂದ ಎಳೆದುಕೊಂಡ ಉಸಿರನ್ನು ತುಟಿ ಕೂಡಿಸಿ ಉದ್ದಕ್ಕೆ ಬಿಡಬೇಕು ಎಂದು ಅವಳು ಕಲಿಸಿದ್ದಳು. ಬಿಸಿ ಚಹಾ ಆರಿಸಿದ ಹಾಗೆ, ಆದರೆ ಚಹಾ ಅಲುಗಬಾರದು. ನಾವಿಬ್ಬರೂ ತುಟಿ ಕೂಡಿಸುವ ನೆಪದಲ್ಲಿ ಸಾಲಿನ ಆ ತುದಿಯಿಂದ ಈ ತುದಿಗೆ ಹರಟೆ ಹೊಡೆಯುತ್ತಿದ್ದೆವು. ಒಮ್ಮೆ ನಿಧಾನಮ್ಮನಿಗೆ ಎಂಥ ಗಂಡು ಸರಿಹೋದಾನು ಎಂದು ಬಿಸಿಬಿಸಿ ಚರ್ಚೆ ನಡೆದಿತ್ತು. ಅವಳು ಎಲ್ಲರ ಗಮನ ಸೆಳೆದು, “ನೋಡಿ, ಈ ಇಬ್ಬರು ಅಮ್ಮಂದಿರ ತುಟಿ ನೋಡಿ ಕಲೀರಿ” ಅಂದಳು. ಎದುರಿನವಳು ನಗು ತಡೆಯಲಾರದೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡಳು.

ನಿಧಾನಮ್ಮ ಕಲಿಸಿದ್ದರಲ್ಲಿ ನನ್ನನ್ನು ಉಳಿಸಿದ್ದು ಒಂದು ಮಾತು. ಕಷ್ಟದ ಕೆಲಸಕ್ಕೆ ಕೈ ಹಾಕುವಾಗ ಉಸಿರು ಹಿಡಿಯಬೇಡ, ಬಿಡು. ನಾವೆಲ್ಲ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದೇ ದುಡಿದ ಜನ. ಎತ್ತುವಾಗ ಬಿಡುವುದು, ಇಳಿಸುವಾಗ ಎಳೆದುಕೊಳ್ಳುವುದು ಕಲಿಯುವುದರೊಳಗೆ ನನಗೆ ಸಾಕುಸಾಕಾಯಿತು. ಬೈದುಕೊಂಡೇ ಮಾಡಿದೆ. ಕುರ್ಚಿಯಲ್ಲಿ ಕೂತು ನೀರಿನೊಳಗೆ ಕೈಯಾಡಿಸಿದ ಹಾಗೆ ಮೆಲ್ಲಗೆ ಕೈ ಎತ್ತಿದೆ, ಕಂಬಿ ಹಿಡಿದು ಹಿಮ್ಮಡಿ ಎತ್ತಿದೆ, ಏದುಸಿರು ಬಂದಾಗ ಗಾಬರಿ ಬೀಳದೆ ಮೊಣಕೈಯನ್ನು ತೊಡೆಗೆ ಊರಿ ಮುಂದಕ್ಕೆ ಬಾಗಿ ಕಾದೆ. ಒಂದು ಬೆಳಿಗ್ಗೆ ಮಗಳು ಬಾಚಣಿಗೆ ಹಿಡಿದು ಬರುವ ಹೊತ್ತಿಗೆ ನಾನು ಮೇಜಿಗೆ ಮೊಣಕೈ ಊರಿ ನನ್ನ ತಲೆ ನಾನೇ ಬಾಚಿ ಜಡೆ ಹಾಕಿಕೊಂಡಿದ್ದೆ. ಜಡೆ ಸೊಟ್ಟಗಿತ್ತು. ಅವಳು ಸರಿಮಾಡಲು ಕೈ ಚಾಚಿದಳು.

“ಮುಟ್ಟಿದ್ರೆ ನೋಡು” ಅಂದೆ.

ಅವಳು ಬಾಚಣಿಗೆ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು. ಅಲ್ಲಿ ಅತ್ತಳೆಂದು ನನಗೆ ಗೊತ್ತು. ಕೆಲವು ವಾರ ಕಳೆದು ಸ್ನಾನವೂ ನನ್ನ ಕೈಗೇ ಬಂತು. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ. “ಅಮ್ಮಾ, ಚಿಲಕ ಬೇಡ!” ಎಂದು ಅವಳು ಹೊರಗಿನಿಂದ ಕೂಗಿದಳು. ನಾನು ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಆದರೆ ಈ ವಿದ್ಯೆ ಕೈಯಲ್ಲಿ ನಿಲ್ಲಬೇಕಾದರೆ ಬಿಡದೆ ಮಾಡಬೇಕು. ನಡುವೆ ಜ್ವರ ಬಂದು ತರಗತಿ ತಪ್ಪಿದಾಗ ಕೈ ಮತ್ತೆ ಕಿವಿಯ ಮಟ್ಟಕ್ಕೇ ನಿಂತುಬಿಟ್ಟಿತ್ತು, ಮಗಳು ಮತ್ತೆ ಸ್ಟೂಲು ಎಳೆದಿದ್ದಳು. ಮನೆಯಲ್ಲಿ ಒಬ್ಬಳೇ ಮಾಡಲು ಹೋದರೆ ಉಸಿರು ಸಿಕ್ಕಿಹಾಕಿಕೊಂಡಾಗ ಭಯವಾಗುತ್ತಿತ್ತು. ಹಾಗಾಗಿ ಆ ಕೋಣೆ ಇದ್ದರೆ ನನ್ನ ಸ್ನಾನ ನನ್ನದು, ಇಲ್ಲದಿದ್ದರೆ ಇಲ್ಲ. ಅಷ್ಟು ನೇರ ಲೆಕ್ಕ.

ಹೀಗಿರುವಾಗ ಒಂದು ದಿನ ಹೋಗಿ ನೋಡಿದರೆ ನಮ್ಮ ಕೋಣೆಯಲ್ಲಿ ಸೋಫಾಗಳು ಕೂತಿದ್ದವು. ದೊಡ್ಡವು, ಕೆನೆಬಣ್ಣದವು, ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ನಿಧಾನಮ್ಮ ಬಾಗಿಲ ಹೊರಗೆ ದಿಂಬುಗಳನ್ನು ಅಪ್ಪಿಕೊಂಡು ನಿಂತಿದ್ದಳು. ಇಡೀ ಮೈ ತಪಾಸಣೆ ಮಾಡಿಸಿಕೊಳ್ಳಲು ಬರುವ ಅನುಕೂಲಸ್ಥರಿಗೆ ಕಾಯುವ ಕೋಣೆ ಬೇಕಂತೆ. ನಮ್ಮ ತರಗತಿಗೆ ಎರಡನೆಯ ಮಹಡಿಗೆ ಎತ್ತಂಗಡಿ. ಏನೂ ಕಾಯಿಲೆಯಿಲ್ಲ ಎಂದು ಹೇಳಿಸಿಕೊಳ್ಳಲು ಬರುವವರು ಕೆಳಗೆ, ಉಸಿರಿಲ್ಲದವರು ಮೇಲೆ.

“ಲಿಫ್ಟು?” ಎಂದು ಪೇಂಟರಣ್ಣ ಕೇಳಿದ.

“ಕೆಟ್ಟಿದೆ ಅಣ್ಣ. ಸರಿಯಾದ್ರೂ ಸ್ಟ್ರೆಚರಿಗೆ ಮಾತ್ರ ಅಂತಿದಾರೆ” ಅಂದಳು ನಿಧಾನಮ್ಮ. ಅವಳ ಮುಖ ಬಾಡಿತ್ತು. ಅವಳಿಗಿದ್ದದ್ದು ಗುತ್ತಿಗೆಯ ಕೆಲಸ, ತಿರುಗಿ ಮಾತಾಡಿದರೆ ಅವಳನ್ನೂ ಎತ್ತಂಗಡಿ ಮಾಡುತ್ತಿದ್ದರು.

ನಾನು ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟ ನಡುವಯಸ್ಸಿನ ಮನುಷ್ಯ. ಕೂರಿಸಿದ, ನೀರು ಕೊಡಿಸಿದ, ನನ್ನ ಮಾತು ಮುಗಿಯುವ ತನಕ ಕೇಳಿದ. ಆಮೇಲೆ ಬೆಣ್ಣೆಯಂಥ ದನಿಯಲ್ಲಿ, “ನೋಡಿ ಅಮ್ಮ, ಆಸ್ಪತ್ರೆ ಮಂಡಳಿಯ ಅಧ್ಯಕ್ಷರ ಆದೇಶ. ನನ್ನ ಕೈಲಿ ಏನಿದೆ? ಹೇಗೂ ನೀವು ವ್ಯಾಯಾಮಕ್ಕೇ ಬರೋದಲ್ವಾ, ಮೆಟ್ಟಿಲು ಹತ್ತೋದೂ ಒಂದು ವ್ಯಾಯಾಮ ಅಂದ್ಕೊಳ್ಳಿ” ಅಂದ. ನನ್ನ ನಾಲಿಗೆ ತುದಿಗೆ ಬಂದದ್ದನ್ನು ಹೇಳಲು ಉಸಿರು ಸಾಲಲಿಲ್ಲ. ಉಸಿರು ಕೂಡಿಸಿಕೊಳ್ಳುವಷ್ಟರಲ್ಲಿ ಅವನು ಫೋನು ಎತ್ತಿಕೊಂಡಿದ್ದ.

ಹೊರಗೆ ಬಂದು ಹೇಳಿದೆ. ಎದುರಿನವಳು ಮೆಟ್ಟಿಲ ಕಡೆ ನೋಡಿದಳು.

“ನಮ್ಮನ್ನ ಏನಂದ್ಕೊಂಡಿದಾನೆ ಅವನು? ಹತ್ತೇ ತೋರಿಸೋಣ” ಅಂದಳು.

“ಬೇಡ ಅಮ್ಮ” ಎಂದು ನಿಧಾನಮ್ಮ ಅಡ್ಡ ಬಂದಳು. ಎದುರಿನವಳು ಹಟಕ್ಕೆ ಬಿದ್ದರೆ ಮೇಸ್ತ್ರಿಯಂಥ ಮೇಸ್ತ್ರಿಯೇ ದಾರಿ ಬಿಡುತ್ತಿದ್ದ, ಈ ಹುಡುಗಿ ಯಾವ ಲೆಕ್ಕ. ಪೇಂಟರಣ್ಣ ಸಿಲಿಂಡರ್ ಗಾಡಿ ಹಿಡಿದುಕೊಂಡ. ಅವಳು ಕಲಿತದ್ದನ್ನೆಲ್ಲ ಸರಿಯಾಗಿಯೇ ಮಾಡಿದಳು, ಪ್ರತಿ ಮೆಟ್ಟಿಲಿಗೂ ನಿಂತಳು, ಉಸಿರು ಬಿಡುತ್ತಾ ಕಾಲೆತ್ತಿದಳು. ಆದರೂ ತಿರುವಿಗೆ ಮುಟ್ಟುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತು. ಗೋಡೆ ಹಿಡಿದು ಕುಸಿದಳು. ಪೇಂಟರಣ್ಣನಿಗೂ ಉಸಿರು ಹತ್ತಿ ಗಾಡಿ ಬಿಟ್ಟು ಅಲ್ಲೇ ಕೂತ. ಕೊನೆಗೆ ವಾರ್ಡಿನವರು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗೆ ಹೊತ್ತು ತಂದರು. ಹೊತ್ತವರು, “ಈ ವಯಸ್ಸಿಗೆ ಇದೆಲ್ಲ ಯಾಕಮ್ಮ” ಎಂದು ಕನಿಕರದಿಂದ ಕೇಳಿದರು. ಅವಳು ಕಣ್ಣು ಮುಚ್ಚಿಕೊಂಡಳು. ಅವಳ ಮುಖದಲ್ಲಿ ಅಂಥ ಸೋಲನ್ನು ನಾನು ಗಿರಣಿ ಮುಚ್ಚಿದ ದಿನವೂ ನೋಡಿರಲಿಲ್ಲ.

“ನಾಳೆ ಮುಷ್ಕರ” ಅಂದೆ.

“ಏನು ಮುಷ್ಕರ? ಕೆಲಸ ಇದ್ರಲ್ವಾ ನಿಲ್ಲಿಸೋದು?” ಎಂದ ಪೇಂಟರಣ್ಣ.

“ಹಜಾರದಲ್ಲಿ ಕೂರೋದು. ಏಳದೇ ಇರೋದು.”

“ಕೂರೋದು ನಮ್ಗೆ ಚೆನ್ನಾಗಿ ಬರುತ್ತೆ ಬಿಡು” ಅಂದ ಅವನು.

ನಿಧಾನಮ್ಮನನ್ನು ಕರೆದು, ನೀನು ನಾಳೆ ರಜೆ ಹಾಕು, ನಮ್ಮನ್ನು ನೋಡಿಯೇ ಇಲ್ಲ ಅನ್ನು ಎಂದು ಹೇಳಿದೆವು. ಅವಳು ತಲೆಯಾಡಿಸಿದಳು.

ಮಾರನೆಯ ಬೆಳಿಗ್ಗೆ ನಾವೆಲ್ಲ ಆಸ್ಪತ್ರೆಯ ಮುಂದಿನ ಹಜಾರದಲ್ಲಿ, ಚೀಟಿ ಮಾಡಿಸುವ ಕಿಟಕಿಗೂ ಆ ಸೋಫಾ ಕೋಣೆಗೆ ಹೋಗುವ ದಾರಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂತೆವು. ಎದುರಿನವಳು ಬಂದಾಳೋ ಇಲ್ಲವೋ ಎಂದು ನನಗೆ ಅಳುಕಿತ್ತು. ಬಂದಳು. ಹೊಸ ಸಿಲಿಂಡರಿನ ಜೊತೆಗೆ ಬಂದು ಸಾಲಿನ ಆ ತುದಿಯಲ್ಲಿ, ನನಗೆ ಮುಖ ಕಾಣುವ ಹಾಗೆ ಕೂತಳು.

ನಾನು ಎದ್ದು ನಿಂತೆ. ಮುಷ್ಕರ ಅಂದರೆ ಘೋಷಣೆಯಿಂದಲೇ ಶುರುವಾಗಬೇಕು, ನನಗೆ ಗೊತ್ತಿದ್ದದ್ದು ಅದೊಂದೇ ದಾರಿ. ಮುಷ್ಟಿ ಎತ್ತಿದೆ. “ನಮ್ಮ ಕೋಣೆ...” ಎಂದು ಕೂಗಿದೆ. ಮುಂದಿನ ಪದ ಬರಲಿಲ್ಲ. ಬಂದದ್ದು ಕೆಮ್ಮು. ಬಗ್ಗಿ ಬಗ್ಗಿ ಕೆಮ್ಮಿದೆ, ಕಣ್ಣು ಕತ್ತಲಿಟ್ಟಿತು. ಚೀಟಿಗೆ ನಿಂತಿದ್ದವರು ತಿರುಗಿ ನೋಡಿದರು. ಯಾರೋ, “ಡಾಕ್ಟರನ್ನ ಕರೀರಿ, ಅಜ್ಜಿಗೆ ಏನೋ ಆಗ್ತಿದೆ” ಅಂದರು. ಕಾವಲಿನವನು ಲೋಟದಲ್ಲಿ ನೀರು ತಂದ. ಗೇಟಿನಲ್ಲಿ ನಿಂತು ಗಿರಣಿ ನಡುಗಿಸಿದ ಕಹಳೆಯಕ್ಕ ಈಗ ಯಾರಿಗೋ ಪಾಪದ ಅಜ್ಜಿ. ನಾಚಿಕೆಯಲ್ಲಿ ಇಂಗಿಹೋದೆ. ಮನೆಗೆ ಹೋಗಿಬಿಡೋಣ ಅನ್ನಿಸಿತು.

ತಲೆ ಎತ್ತಿದಾಗ ಎದುರಿನವಳು ನನ್ನನ್ನೇ ನೋಡುತ್ತಿದ್ದಳು.

“ಮಗ್ಗದ ಮುಂದೆ ಯಾವತ್ತಾದ್ರೂ ಕೂಗಿದ್ವಾ ನಾವು?” ಎಂದು ತುಟಿಯಲ್ಲೇ ಕೇಳಿದಳು. “ಕೂಗ್ಬೇಡ ಮಾರಾಯ್ತಿ. ತರಗತಿ ಶುರು ಮಾಡು.”

ಕೂತೆ. ಮೊಣಕೈ ತೊಡೆಗೆ ಊರಿ, ಬಾಗಿ, ಉಸಿರು ನೆಲೆಗೆ ಬರುವ ತನಕ ಕಾದೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಸಾಲಿನ ಕಡೆ ತಿರುಗಿ, ದನಿಯಿಲ್ಲದೆ, ತುಟಿಯನ್ನು ದೊಡ್ಡದಾಗಿ ಆಡಿಸಿ, “ಭುಜ” ಅಂದೆ. ಎಲ್ಲರ ಭುಜ ಮೇಲೆ ಹೋಯಿತು, ಕೆಳಗೆ ಬಂತು. “ಕೈ” ಅಂದೆ. ಕೈಗಳೆಲ್ಲ ಮೆಲ್ಲಗೆ ಎದ್ದವು, ಉಸಿರು ಒಟ್ಟಿಗೆ ಹೊರಗೆ ಬಂತು. ಸದ್ದು ಅಂದರೆ ಅದೊಂದೇ, ಉದ್ದದ ಒಂದು ‘ಉಫ್’. ಸುಮ್ಮನೆ ಕೂತು ಮೆಲ್ಲಗೆ ಕೈಯೆತ್ತುವವರನ್ನು ಏನು ಮಾಡಬೇಕೆಂದು ಆ ಆಸ್ಪತ್ರೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕೂಗಿದ್ದರೆ ಬಾಯಿ ಮುಚ್ಚಿಸಬಹುದಿತ್ತು, ಕಲ್ಲು ಎಸೆದಿದ್ದರೆ ಪೊಲೀಸರನ್ನು ಕರೆಯಬಹುದಿತ್ತು.

ಎಲ್ಲರಿಗೂ ಮೆಚ್ಚುಗೆಯಾಯಿತು ಎಂದೇನೂ ಅಲ್ಲ. ಕೈಗೆ ಕಟ್ಟು ಹಾಕಿಸಿಕೊಂಡಿದ್ದ ಒಬ್ಬ, ದಾರಿಗೆ ಅಡ್ಡ ಕೂತಿದ್ದಾರೆ, ಇವರಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗಿದ. ಪೇಂಟರಣ್ಣ ಅವನಿಗೆ, “ಇಲ್ಲ ತಮ್ಮ, ಇರೋ ಕೆಲಸ ಉಸಿರಾಡೋದೊಂದೇ, ಅದನ್ನೇ ಮಾಡ್ತಿದೀವಿ” ಅಂದ. ಹೀಗೆ ಬೆಳಗಿನ ಹೊತ್ತು ಕಳೆಯಿತು. ರಜೆಗೆ ಒಪ್ಪಿ ತಲೆಯಾಡಿಸಿದ್ದ ನಿಧಾನಮ್ಮ ಅಷ್ಟರಲ್ಲಿ ಬಂದಳು. ಹಜಾರದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನಮ್ಮನ್ನು ನೋಡಿದಳು. ಆಮೇಲೆ ಒಂದು ಕುರ್ಚಿ ಎಳೆದು ನನ್ನ ಪಕ್ಕವೇ ಕೂತಳು. ಹೋಗು ಎಂದು ಕಣ್ಣು ಬಿಟ್ಟು ಹೆದರಿಸಿದೆ. ಅವಳು ನನ್ನ ಕಡೆ ತಿರುಗದೆ ಕೈ ಎತ್ತಿದಳು.

ಆಡಳಿತಾಧಿಕಾರಿ ಬಂದ, ಹಿಂದೆ ಕಾವಲಿನವರು.

“ಎಲ್ರೂ ಏಳಿ. ಇದು ಆಸ್ಪತ್ರೆ. ಇನ್ನು ಸ್ವಲ್ಪ ಹೊತ್ತಿಗೆ ಅಧ್ಯಕ್ಷರು ಬರ್ತಾರೆ” ಅಂದ.

ನಾನು ಅವನ ಮುಖ ನೋಡಿಕೊಂಡೇ, ಉಸಿರು ಬಿಡುತ್ತಾ, ಎದುರಿನವಳಿಗೆ ತುಟಿಯಲ್ಲಿ ಹೇಳಿದೆ. “ಅಂಗಿಗೆ ಇರೋ ಇಸ್ತ್ರಿ ಇವನ ಬೆನ್ನಿಗಿಲ್ಲ ನೋಡೇ. ದೊಡ್ಡವರು ಊದಿದ ಕಡೆಗೆ ಹಾರೋ ಅರಳೆ.”

ಎದುರಿನವಳು ನಕ್ಕಳು. ಅವನ ಕಿವಿ ಕೆಂಪಾಯಿತು.

ದನಿಯಿಲ್ಲದ ಮಾತಿಗೆ ಅವನ ಕಿವಿ ಯಾಕೆ ಕೆಂಪಾಯಿತೆಂದು ನನಗೆ ಒಂದು ಗಳಿಗೆ ಹೊಳೆಯಲಿಲ್ಲ. ಅವನು ಕಾವಲಿನವರ ಕಡೆಗೆ ಬೆನ್ನು ಹಾಕಿ ನನ್ನ ಮುಂದೆ ಬಂದು ನಿಂತ. “ಕೊನೇ ಸಲ ಹೇಳ್ತಿದೀನಿ, ಏಳಿ” ಎಂದು ಎಲ್ಲರಿಗೂ ಕೇಳುವ ಹಾಗೆ ಗದರಿದ. ಆಮೇಲೆ ದನಿ ನಿಂತಿತು, ತುಟಿ ಮಾತ್ರ ಆಡಿತು. “ಏಳಬೇಡಿ. ಅಧ್ಯಕ್ಷರ ಕಣ್ಣಿಗೆ ಬೀಳೋ ತನಕ ಕೂತಿರಿ.” ಹೊಟ್ಟೆಯ ಹತ್ತಿರ ಬೆರಳು ಸುತ್ತಿಸಿದ. ಎಳೆ ಕಡಿದಿಲ್ಲ, ಮಗ್ಗ ಓಡಲಿ ಎಂದು ನಾವು ಹೆಂಗಸರು ಮಾಡುತ್ತಿದ್ದ ಸನ್ನೆ ಅದು. ಹೊರಗಿನವರಿಗೆ ಗೊತ್ತಾಗುವಂಥದ್ದಲ್ಲ, ಯಾವಳೋ ಮಗ್ಗದವಳ ಮಡಿಲಲ್ಲಿ ಬೆಳೆದವನಿಗೆ ಮಾತ್ರ ಬರುವಂಥದ್ದು.

“ಯಾರ ಮಗನೋ ನೀನು?” ಎಂದು ತುಟಿಯಲ್ಲಿ ಕೇಳಿದೆ.

ಅವನು ತಿರುಗಿ, ಇವರು ಜಗ್ಗುವ ಜನವಲ್ಲ, ಅಧ್ಯಕ್ಷರೇ ಬಂದು ನೋಡಲಿ ಎಂದು ಕಾವಲಿನವರಿಗೆ ಹೇಳಿ ಹೊರಟುಹೋದ. ನಾನು ಬೈದದ್ದೆಲ್ಲ ಅವನಿಗೆ ತಿಳಿಯಿತಲ್ಲ ಎಂದು ಸ್ವಲ್ಪ ಹೊತ್ತು ಮುಜುಗರವಾಯಿತು. ಆಮೇಲೆ, ತಿಳಿಯಲಿ ಬಿಡು ಅನ್ನಿಸಿತು. ನಿನ್ನೆ ಮೆಟ್ಟಿಲು ತೋರಿಸಿದವನು ಅವನೇ ತಾನೆ.

ಅಧ್ಯಕ್ಷರು ಬಂದಾಗ ಹಜಾರ ತುಂಬಿತ್ತು. ಎತ್ತರದ ಆಳು, ಬಿರುಸು ನಡಿಗೆ, ಜೊತೆಯಲ್ಲಿ ಬಂದವರು ಅವರ ಹಿಂದೆ ಓಡುತ್ತಿದ್ದರು. ಸೋಫಾ ಕೋಣೆ ನೋಡಲು ಬಂದಿದ್ದರು. ನಮ್ಮ ಸಾಲು ಅಡ್ಡ ಸಿಕ್ಕಿತು. ಪಕ್ಕದಿಂದ ದಾಟಿ ಹೋಗಲು ನೋಡಿದರು, ಅಲ್ಲಿ ಎದುರಿನವಳ ಸಿಲಿಂಡರಿತ್ತು. ನಿಂತರು.

“ಏನಿದು? ಏನು ಬೇಕು ನಿಮಗೆ? ಬೇಗ ಹೇಳಿ, ನನಗೆ ಟೈಮಿಲ್ಲ.”

ಎಲ್ಲರೂ ನನ್ನನ್ನು ನೋಡಿದರು. ನಾನು ಮೂಗಿನಿಂದ ಉಸಿರು ಎಳೆದುಕೊಂಡೆ. ಅವಸರ ಮಾಡಲಿಲ್ಲ. ತುಟಿ ಕೂಡಿಸಿ ಪೂರ್ತಿ ಬಿಟ್ಟೆ. ಅವರು ಗಡಿಯಾರ ನೋಡಿಕೊಂಡರು. ನಾನು ಇನ್ನೊಂದು ಉಸಿರು ಎಳೆದುಕೊಂಡೆ.

“ನನಗೆ ಉಸಿರಿಲ್ಲ ಸಾರ್” ಅಂದೆ. ಉಸಿರಿಗಾಗಿ ಮಾತು ನಿಲ್ಲಿಸಿದೆ. “ನಿಮಗೆ ಟೈಮಿಲ್ಲ.” ಮತ್ತೆ ನಿಲ್ಲಿಸಿದೆ. “ಯಾವುದು ಮೊದಲು ಮುಗಿಯುತ್ತೋ ನೋಡೋಣ. ಕೂತ್ಕೊಳ್ಳಿ.”

ಚೀಟಿಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಕೂರಲಿಲ್ಲ, ಆದರೆ ಅಷ್ಟು ಜನರ ಮುಂದೆ ಹೋಗಲೂ ಇಲ್ಲ. ಹೇಳಿದೆ. ಒಂದೊಂದು ಮಾತಿಗೂ ಒಂದೊಂದು ಉಸಿರು ತೆಗೆದುಕೊಂಡು ಹೇಳಿದೆ. ಅವರು ನಡುವೆ ಬಾಯಿ ಹಾಕಲು ನೋಡಿದಾಗಲೆಲ್ಲ ಕೈಯೆತ್ತಿ ತಡೆದೆ. ಘೋಷಣೆ ಕೂಗುವ ಕಾಲದಲ್ಲೂ ಯಾವ ದೊಡ್ಡ ಮನುಷ್ಯನೂ ನನ್ನ ಮಾತಿಗೆ ಇಷ್ಟು ಹೊತ್ತು ಕಾದು ನಿಂತಿರಲಿಲ್ಲ.

“ನನ್ನ ಸ್ನಾನ... ನಾನೇ ಮಾಡ್ಕೋತೀನಿ. ಆ ಕೋಣೆಗೆ ಬಂದು ಕಲಿತದ್ದು. ನೀವು ಅದನ್ನ ಮೇಲೆ ಹಾಕಿದ್ರೆ... ನನ್ನ ಮಗಳು ಮತ್ತೆ ನನ್ನ ಮೈ ತೊಳೀಬೇಕು. ಇವಳು... ನಿನ್ನೆ ಹತ್ತೋಕೆ ಹೋದ್ಳು. ಹೊತ್ಕೊಂಡು ಬಂದ್ರು. ನಮ್ಗೆ ಕನಿಕರ ಬೇಡ ಸಾರ್. ಕೋಣೆ ಬೇಕು.”

ಅಧ್ಯಕ್ಷರು ಆಡಳಿತಾಧಿಕಾರಿಯ ಕಡೆ ತಿರುಗಿದರು. “ಇವರು ಮೆಟ್ಟಿಲು ಹತ್ತೋಕಾಗಲ್ಲ ಅಂತ ಯಾಕೆ ಹೇಳ್ಲಿಲ್ಲ?”

“ಹೇಳ್ಬೇಕಾಗಿತ್ತು ಸಾರ್. ತಪ್ಪಾಯ್ತು” ಅಂದ ಅವನು. ನೆಲ ನೋಡಲಿಲ್ಲ, ನನ್ನನ್ನು ನೋಡಿಯೇ ಅಂದ.

“ಲಿಫ್ಟ್ ರಿಪೇರಿ ಮಾಡಿಸೋಣ. ಅಲ್ಲಿ ತನಕ ನೀವು...”

“ರಿಪೇರಿ ಆದ್ಮೇಲೆ ಸೋಫಾನ ಅದ್ರಲ್ಲಿ ಮೇಲೆ ಕಳಿಸಿ ಸಾರ್” ಎಂದ ಪೇಂಟರಣ್ಣ.

“ಅಷ್ಟು ದೊಡ್ಡ ಸೋಫಾ ಲಿಫ್ಟಲ್ಲಿ ಹಿಡಿಸುತ್ತೇನ್ರಿ?”

“ಹಾಗಾದ್ರೆ ಮೆಟ್ಟಿಲಲ್ಲೇ ಹೋಗ್ಲಿ” ಅಂದೆ ನಾನು. ಉಸಿರು ಬಿಟ್ಟೆ. “ಸೋಫಾಗೆ ಉಸಿರು ಕಟ್ಟಲ್ಲ.”

ಈ ಸಲ ಹಜಾರವೆಲ್ಲ ನಕ್ಕಿತು. ಕೈಗೆ ಕಟ್ಟು ಹಾಕಿಸಿಕೊಂಡು ಗೊಣಗಿದ್ದವನೂ ನಕ್ಕ. ಅಧ್ಯಕ್ಷರ ಮುಖ ಕೆಂಪೇರಿತು, ಆಮೇಲೆ ತಾವೂ ನಗಬೇಕು ಎಂದು ಅವರಿಗೆ ತಿಳಿಯಿತು. “ಆಯ್ತು, ಆಯ್ತು. ಕೋಣೆ ನಿಮಗೇ ಇರಲಿ. ನಾಳೆ ಸೋಫಾ ತೆಗೆಸ್ತೀನಿ. ಈಗಲಾದ್ರೂ ಏಳ್ತೀರಾ ತಾಯಿ?”

ನಾಳೆ ಎಂಬ ಮಾತನ್ನು ನಾನು ಗಿರಣಿಯ ಗೇಟಿನಲ್ಲಿ ಬೇಕಾದಷ್ಟು ಕೇಳಿದ್ದೆ. ಸಾಲಿನ ಆ ತುದಿಗೆ ನೋಡಿದೆ. ಎದುರಿನವಳು ಮೂಗಿನ ನಳಿಕೆ ಸರಿಮಾಡಿಕೊಂಡು, ಕುರ್ಚಿಗೆ ಇನ್ನೂ ಚೆನ್ನಾಗಿ ಒರಗಿ ಕೂತಳು.

“ಮೊದಲು ಸೋಫಾ ಏಳ್ಲಿ” ಅಂದೆ.